ಕಾಸರಗೋಡಿನ ಲೋಕಲ್ ಗಾಡಿ ಹತ್ತಿ, ಸುರಂಗ ನೋಡಿಕೊಂಡು

ಶುಕ್ರವಾರ: ಮಂಗಳೂರು, ಮಂಜೇಶ್ವರ, ಕುಂಬಳೆ

ಮಂಗಳೂರು ಸೆಂಟ್ರಲ್‌ನಲ್ಲಿ ಹಳಿ ಮುಗಿದುಹೋಗುತ್ತದೆ. ಇಲ್ಲಿಗೆ ಬಂದ ಗಾಡಿ ಬಂದ ದಾರಿಯಲ್ಲೇ ವಾಪಸ್ ಹೊರಡಬೇಕು. ಮುಂಬೈಗೆ ಹೋಗುವ ಎಷ್ಟೋ ಗಾಡಿಗಳು ಊರೊಳಗೆ ಬರುವುದೇ ಇಲ್ಲ, ಪಡೀಲಿನ ಹತ್ತಿರದ ಜಂಕ್ಷನ್‌ನಲ್ಲಿ ನಿಂತು ಹೊರಟುಬಿಡುತ್ತವೆ. ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಈ ದಾರಿ ಕರ್ನಾಟಕದ ಕಡೆಯಿಂದ ಬಂದದ್ದಲ್ಲ, ದಕ್ಷಿಣದಿಂದ ಹತ್ತಿಕೊಂಡು ಬಂದು ಇಲ್ಲಿ ನಿಂತದ್ದು.

1861ರ ಮಾರ್ಚ್ 12ರಂದು ಬೇಪೂರಿನಿಂದ ತಿರೂರಿಗೆ ಓಡಿದ್ದು ಈಗಿನ ಕೇರಳದ ಮೊದಲ ರೈಲು. ಹಳಿ ಕೋಝಿಕ್ಕೋಡು ಮುಟ್ಟಿದ್ದು 1888ರಲ್ಲಿ, ಮಂಗಳೂರು ಮುಟ್ಟಿದ್ದು 1907ರಲ್ಲಿ. ಈಗ ನಾಲ್ಕೈದು ಗಂಟೆಯ ದಾರಿ, ಆಗ ಕಟ್ಟುವುದಕ್ಕೆ 46 ವರ್ಷ. ಇದ್ದದ್ದೆಲ್ಲ ಹೊಳೆಗಳು. ಕಾಸರಗೋಡಿನ ಉತ್ತರಕ್ಕೇ ಲೆಕ್ಕ ಹಾಕಿ: ಮೊಗ್ರಾಲ್, ಕುಂಬಳೆ, ಶಿರಿಯಾ, ಉಪ್ಪಳ, ಮಂಜೇಶ್ವರ, ಕೊನೆಗೆ ನೇತ್ರಾವತಿ. ಒಂದೊಂದಕ್ಕೂ ಸೇತುವೆ ಬೇಕು.

ಕಟ್ಟಿಸಿದ್ದು ಮದ್ರಾಸ್ ರೈಲ್ವೆ ಕಂಪನಿ. ದಾರಿ ಮುಗಿದು ವರ್ಷ ಕಳೆಯುವಷ್ಟರಲ್ಲಿ ಆ ಕಂಪನಿಯ ಕರಾರೇ ಮುಗಿದು, 1908ರಲ್ಲಿ ಈ ದಾರಿ ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು. ಹಾಸನದ ಕಡೆಯಿಂದ ಘಾಟಿ ಇಳಿದು ಮಂಗಳೂರಿಗೆ ರೈಲು ಬಂದದ್ದು 1979ರಲ್ಲಿ, ಅದೂ ಮೀಟರ್ ಗೇಜ್. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ. ಅಂದರೆ 70 ವರ್ಷಕ್ಕೂ ಜಾಸ್ತಿ ಕಾಲ ಮಂಗಳೂರಿನವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಕಾಸರಗೋಡು, ಶೊರನೂರು, ಪಾಲಕ್ಕಾಡು ಸುತ್ತಿಯೇ ಹೋಗಬೇಕಿತ್ತು. ಕಾಸರಗೋಡನ್ನು ನಾವು ಗಡಿಯ ಮೂಲೆ ಎನ್ನುತ್ತೇವೆ. ರೈಲಿನ ಲೆಕ್ಕದಲ್ಲಿ ಅದು ಮಂಗಳೂರಿನ ಹೆಬ್ಬಾಗಿಲು.

ನಾನು ಬೆಂಗಳೂರಿನಲ್ಲಿ ದಿನಾ ಮೆಟ್ರೋದಲ್ಲಿ ಓಡಾಡುವವನು. ಕಾಸರಗೋಡಿನಲ್ಲಿ ಲೋಕಲ್ ಗಾಡಿ ಹತ್ತಿ ಸುರಂಗ ನೋಡಲು ಹೋಗುತ್ತೇನೆ ಎಂದಾಗ ಆಫೀಸಿನಲ್ಲಿ ನಕ್ಕರು. "ಮೆಜೆಸ್ಟಿಕ್ ಕೆಳಗಿರೋದು ಸಾಲಲ್ವಾ?" ಎಂದು ಒಬ್ಬರು. ನಗದಿದ್ದವನು ಕಾಸರಗೋಡು ಜಿಲ್ಲೆಯ ಬಾಯಾರು ಎಂಬ ಊರಿನ ಗೆಳೆಯ ಮಾತ್ರ. "ಬಾ, ನಮ್ಮಲ್ಲಿ ಎರಡು ತರದ್ದು ಉಂಟು" ಎಂದ.

ಬೆಳಗಿನ ಲೋಕಲ್ ಹತ್ತಿದೆ. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಬೇಕು, ಕಡಲು ಆ ಕಡೆ. ಎಕ್ಸ್‌ಪ್ರೆಸ್ ಗಾಡಿಗಳು ಸಣ್ಣ ಸ್ಟೇಷನ್ನುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಬೆಳಿಗ್ಗೆ ಮತ್ತು ಸಂಜೆಯ ಲೋಕಲ್‌ಗಳೇ ಗತಿ. ಮಧ್ಯಾಹ್ನ ಬಸ್ಸೇ ಸರಿ. ನೇತ್ರಾವತಿ ಸೇತುವೆಗೆ ಬರುವಾಗ ಜೋರು ಮಳೆ ಶುರುವಾಗಿ ಎಲ್ಲರೂ ಶಟರ್ ಎಳೆದರು. ನಾನೊಬ್ಬ ಮಾತ್ರ ನೋಡಬೇಕೆಂದು ಬಿಟ್ಟುಕೊಂಡೆ. ಎದುರಿಗೆ ಕೂತಿದ್ದ ಹೆಂಗಸು ತುಳುವಿನಲ್ಲಿ ಏನೋ ಹೇಳಿದರು. ಅರ್ಥವಾಗದಿದ್ದರೂ ವಿಷಯ ತಿಳಿಯಿತು. ಶಟರ್ ಎಳೆದೆ. ನೇತ್ರಾವತಿ ಕಾಣಲಿಲ್ಲ, ಸೇತುವೆಯ ದಡದಡ ಸದ್ದು ಕೇಳಿತು ಅಷ್ಟೆ.

ಮಂಜೇಶ್ವರದಲ್ಲಿ ಇಳಿದಾಗ ಮಳೆ ನಿಂತಿತ್ತು. ಆಟೋದವರು ದಾರಿಯುದ್ದಕ್ಕೂ ಫೋನಿನಲ್ಲಿ ಮಲಯಾಳ, ಎದುರು ಬಂದ ಬೈಕಿನವನಿಗೆ ತುಳು, ನನಗೆ ಕನ್ನಡ. ಮಧ್ಯದಲ್ಲಿ ಅಡ್ಡ ಬಂದ ದನಕ್ಕೆ ಮಾತ್ರ ಯಾವ ಭಾಷೆಯೂ ಬೇಕಾಗಲಿಲ್ಲ, ಹಾರ್ನ್ ಸಾಕಾಯಿತು.

ಗೋವಿಂದ ಪೈಗಳ ಮನೆ ಈಗ 'ಗಿಳಿವಿಂಡು' ಎಂಬ ಹೆಸರಿನಲ್ಲಿ ಸ್ಮಾರಕವಾಗಿದೆ. ಪೈಗಳು ಹುಟ್ಟಿದ್ದು 1883ರಲ್ಲಿ. ಈ ದಾರಿಯಲ್ಲಿ ಮಂಗಳೂರಿಗೆ ರೈಲು ಓಡಿದಾಗ ಅವರಿಗೆ 24 ವರ್ಷ. ಇನ್ನು ನಾಲ್ಕು ವರ್ಷಕ್ಕೆ, 1911ರಲ್ಲಿ, ಅವರು ಕನ್ನಡ ಪದ್ಯದ ಆದಿಪ್ರಾಸವನ್ನು, ಅಂದರೆ ಸಾಲುಗಳ ಎರಡನೇ ಅಕ್ಷರ ಒಂದೇ ಇರಬೇಕೆಂಬ ಕಟ್ಟನ್ನು, ಬಿಟ್ಟರು. ಎರಡಕ್ಕೂ ಸಂಬಂಧವಿಲ್ಲ, ಸುಮ್ನೆ ಲೆಕ್ಕ ಹಾಕಿದೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಪಟ್ಟ ಕೊಟ್ಟದ್ದು ಮದ್ರಾಸ್ ಸರ್ಕಾರ. ಆಗ ಮಂಜೇಶ್ವರ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಕಾಸರಗೋಡು ತಾಲೂಕಿನ ಭಾಗವಾಗಿ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. 1963ರಲ್ಲಿ ಪೈಗಳು ತೀರಿಕೊಂಡಾಗ ಅವರ ಊರು ಬೇರೆ ರಾಜ್ಯದಲ್ಲಿತ್ತು.

ಕುಂಬಳೆಗೆ ಬಸ್ಸಿನಲ್ಲಿ ಹೋದೆ. ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಹಳೆಯ ಪೇಟೆಗಳ ಗುರುತೇ ತಪ್ಪಿದೆ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಣಮೀನಿನ ಚಟ್ನಿ. ಬಡಿಸುತ್ತಿದ್ದ ಅಕ್ಕ ಎರಡನೇ ಸಲ ಅನ್ನ ಹಾಕುವಾಗ ಕೇಳಲೇ ಇಲ್ಲ. ಯಕ್ಷಗಾನದ ಪಾರ್ತಿ ಸುಬ್ಬನ ಊರು ಇದು. ಆಟದ ಸೀಸನ್ ಅಲ್ಲವಾದ್ದರಿಂದ ನನಗೆ ಕೇಳಿಸಿದ ಚೆಂಡೆ ಮೊಬೈಲಿನದ್ದು, ಪಕ್ಕದ ಮೇಜಿನಿಂದ.

ಅನಂತಪುರ ಇಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಹಾಸಿನ ಮೇಲೆ ದಾರಿ. ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ದೇವಸ್ಥಾನ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಎಂದು ನಂಬಿಕೆ. ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ದೇವಸ್ಥಾನದ ಅನ್ನ ತಿಂದುಕೊಂಡೇ ಇತ್ತು. 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಜನ ಸಾಲಾಗಿ ಬಂದು ನೋಡಿದರು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂತು ಎಂದು ಆಟೋದವರನ್ನು ಕೇಳಿದೆ. "ಅದೆಲ್ಲ ಕೇಳ್ಲಿಕ್ಕಿಲ್ಲ ಮಾರಾಯ್ರೆ, ಬಂತು" ಎಂದರು. ನನಗೆ ಕಂಡದ್ದು ಹಸಿರು ನೀರು ಮಾತ್ರ.

ಸಂಜೆ ಕುಂಬಳೆಯಿಂದ ಕಾಸರಗೋಡಿಗೆ ರೈಲು ಹಿಡಿದರೆ, ದಾರಿಯಲ್ಲಿ ಎಲ್ಲೂ ಅಲ್ಲದ ಕಡೆ ನಿಲ್ಲಿಸಿದರು. ಹಿಂದಿನಿಂದ ಬರುವ ವೇಗದ ಗಾಡಿಗೆ ದಾರಿ ಬಿಡಬೇಕಂತೆ. ಫ್ಯಾನ್ ತಿರುಗುತ್ತಿಲ್ಲ, ಹೊರಗೆ ಕತ್ತಲು, ಒಳಗೆ ಸೊಳ್ಳೆ. ಒಬ್ಬರು ಇಕ್ಕ (ಅಣ್ಣ) ಚೀಲದಿಂದ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ತೆಗೆದು ಸುತ್ತಲಿನವರಿಗೆಲ್ಲ ಕೊಟ್ಟರು, ನನಗೂ ಸಿಕ್ಕಿತು. ಮನೆಗೆ ಒಯ್ಯುತ್ತಿದ್ದದ್ದಂತೆ. "ಇನ್ನು ಮನೆ ಮುಟ್ಟುವಾಗ ಇದು ತಣ್ಣಗಾಗ್ತದೆ, ತಿನ್ನಿ" ಎಂದರು. ಆ ವೇಗದ ಗಾಡಿ ದಾಟಿಹೋಗಲು ತೆಗೆದುಕೊಂಡದ್ದು ನಾಲ್ಕು ಸೆಕೆಂಡು.

ಶನಿವಾರ: ಚಂದ್ರಗಿರಿ, ಕಳನಾಡು, ಬೇಕಲ

ಬೆಳಿಗ್ಗೆ ಪುಟ್ಟು, ಕಡಲೆ ಗಸಿ, ಗ್ಲಾಸಿನ ತುಂಬಾ ಚಹಾ. ಹೋಟೆಲಿನ ಟಿವಿಯಲ್ಲಿ ಮಲಯಾಳದ ಸುದ್ದಿ, ಮೇಜಿನ ಮೇಲೆ ಕನ್ನಡ ಪೇಪರ್. ಕೌಂಟರಿನವರ ಹತ್ತಿರ ರೈಲಿನ ಮಾತು ತೆಗೆದರೆ ಸಾಕು, ಸಿಲ್ವರ್‌ಲೈನ್ ಬರುತ್ತದೆ. ತಿರುವನಂತಪುರದಿಂದ ಕಾಸರಗೋಡಿಗೆ ಸುಮಾರು 530 ಕಿ.ಮೀ., ನಾಲ್ಕು ಗಂಟೆಯೊಳಗೆ ಎಂದು ಹೇಳಿದ್ದ ಯೋಜನೆ. ಸರ್ವೆಯ ಹಳದಿ ಕಲ್ಲುಗಳನ್ನು ನೆಟ್ಟಾಗ 2022ರಲ್ಲಿ ಕೇರಳದ ತುಂಬಾ ಗಲಾಟೆಯಾಯಿತು, ಜನ ಕಿತ್ತು ಬಿಸಾಡಿದರು. "ನಾಲ್ಕು ಗಂಟೆಯಲ್ಲಿ ತಿರುವನಂತಪುರಕ್ಕೆ ಹೋಗಿ ನಾನು ಎಂತ ಮಾಡುದು?" ಎಂದರು ಅವರು. "ನನಗೆ ಮಧ್ಯಾಹ್ನ ಮಂಗಳೂರಿಗೆ ಒಂದು ಲೋಕಲ್ ಕೊಡಿ, ಸಾಕು." ನನಗೂ ಅದೇ ಸರಿ ಅನ್ನಿಸಿತು.

ಕಾಸರಗೋಡು ಬಿಟ್ಟರೆ ಚಂದ್ರಗಿರಿ ಹೊಳೆ. ಮೇಲೆ ಪಯಸ್ವಿನಿ ಎನ್ನುತ್ತಾರೆ, ಕೊಡಗಿನ ಕಡೆಯಿಂದ ಸುಳ್ಯ ಹಾದು ಬರುತ್ತದೆ. ತುಳುನಾಡಿಗೂ ಮಲಯಾಳ ನಾಡಿಗೂ ಹಿಂದಿನಿಂದ ಇದೇ ಗಡಿ. 1967ರಲ್ಲಿ ಮಹಾಜನ ಆಯೋಗವೂ ಇದೇ ಹೊಳೆಯನ್ನು ಹಿಡಿದು, ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಸೇರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿ, ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು.

ಹೊಳೆ ಚೆನ್ನಾಗಿ ಕಾಣಬೇಕಿದ್ದರೆ ಚಂದ್ರಗಿರಿ ಕೋಟೆ ಹತ್ತಬೇಕು. ಕೆಳದಿಯ ನಾಯಕರ ಕಾಲದ್ದು. ಬೇಕಲದ ಹೆಸರಿನ ಮುಂದೆ ಇದನ್ನು ಕೇಳುವವರಿಲ್ಲ. ಆ ದಿನ ಅಲ್ಲಿ ನಾನು, ಎರಡು ಆಡು, ಮತ್ತು ಹುಲ್ಲು ಕೊಯ್ಯಲು ಬಂದ ಒಬ್ಬರು ಅಜ್ಜ. ಸಮುದ್ರದ ಬಾಯಿ, ತೆಂಗಿನ ಸಾಲು, ಕೆಳಗೆ ಕಂದು ಬಣ್ಣದ ಮಳೆಗಾಲದ ನೀರು. ರೈಲು ಬರುವ ಮೊದಲು ಸಾಮಾನು ಹೋಗುತ್ತಿದ್ದದ್ದು ಮಂಜಿ ಎಂಬ ಹಾಯಿದೋಣಿಯಲ್ಲಿ, ಕಡಲಿನ ಮೇಲೆ. ಅಜ್ಜನಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಮಲಯಾಳ ಬರುವುದಿಲ್ಲ. ಅವರು ಮೋಡ ತೋರಿಸಿ, ನನ್ನ ಕೊಡೆ ತೋರಿಸಿ, ತಲೆಯಾಡಿಸಿದರು. ಹತ್ತು ನಿಮಿಷಕ್ಕೆ ಆ ಕೊಡೆ ಗಾಳಿಗೆ ಮಗುಚಿ ಕಡ್ಡಿ ಮುರಿಯಿತು.

ಕಳನಾಡು ಬಂದದ್ದು ಹಾಗೆ, ಒದ್ದೆಯಾಗಿ. ಚಂದ್ರಗಿರಿ ದಾಟಿದ ಮೇಲೆ ಗುಡ್ಡ ಕಡಲಿಗೆ ಹತ್ತಿರ ಬರುತ್ತದೆ. ಹೊಳೆಗೆ ಸೇತುವೆ ಕಟ್ಟಿಕೊಂಡು ಬಂದವರಿಗೆ ಇಲ್ಲಿ ಗುಡ್ಡ ಕೊರೆಯದೆ ದಾರಿಯಿರಲಿಲ್ಲ. ಕಾಸರಗೋಡಿಗೂ ಕೋಟಿಕುಳಂಗೂ ಮಧ್ಯೆ ಇರುವ ಸುರಂಗ ಇದೇ. ಒಳಗೆ ನಡೆಯಲು ಬಿಡುವುದಿಲ್ಲ, ಬಿಡಲೂಬಾರದು. ಎರಡೂ ದಿಕ್ಕಿಗೆ ಗಾಡಿ ಓಡುವ ದಾರಿ. ಮೇಲಿನ ಬದಿಯಲ್ಲಿ ನಿಂತರೆ ಗುಡ್ಡ ಸೀಳಿದ ಕಣಿ ಪೂರ್ತಿ ಕಾಣುತ್ತದೆ.

ಎರಡೂ ಬದಿ ಮುರಕಲ್ಲಿನ ಗೋಡೆ, ಅದರ ಮೇಲೆ ಪಾಚಿ, ಜರಿಗಿಡ, ಅಲ್ಲಲ್ಲಿ ಇಳಿಯುವ ನೀರು. ಈ ಕಲ್ಲಿನ ಗುಣವೇ ಬೇರೆ. ನೆಲದೊಳಗೆ ಇರುವಾಗ ಮೆದು, ಕೊಡಲಿಯಿಂದಲೇ ಕಡಿಯಬಹುದು. ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಮಂಗಳೂರಿನ ಕಡೆಗೆ ಇದೇ ಕರಾವಳಿ ಹಿಡಿದು ಬಂದಿದ್ದ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಅವನೇ. ಇಲ್ಲಿನವರು ಅದಕ್ಕೂ ಎಷ್ಟೋ ಮೊದಲಿಂದ ಅದರಲ್ಲೇ ಮನೆ ಕಟ್ಟುತ್ತಿದ್ದರು.

ಗಾಡಿ ಬಂದದ್ದು ಮೊದಲು ಕಾಲಿಗೆ ಗೊತ್ತಾಯಿತು, ಆಮೇಲೆ ಕಿವಿಗೆ. ಕಣಿಯಿಂದ ತಣ್ಣನೆಯ ಗಾಳಿ ಮೇಲೆ ಬಂತು. ನೋಡುವ ಭರದಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟೆ, ಕೆಂಪು ಕೆಸರಿನಲ್ಲಿ ಕಾಲು ಹೂತು ಚಪ್ಪಲಿಯ ಬಾರು ಕಿತ್ತಿತು. ಒಂದು ಕಾಲಲ್ಲಿ ಕುಂಟಿಕೊಂಡು ಮೇಲ್ಪರಂಬದ ಅಂಗಡಿಗೆ ಬಂದರೆ ಅಂಗಡಿಯವರು ನನ್ನ ಚರ್ಮದ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಇದು ಡಿಸೆಂಬರಿಗೆ" ಎಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಹವಾಯಿ ಚಪ್ಪಲಿ ಕೊಟ್ಟರು. ಸೆಪ್ಟೆಂಬರ್ ಮುಗಿಯುವವರೆಗೂ ಈ ಕಡೆ ಬರುವವರು ಇಷ್ಟು ತಿಳಿದಿರಿ.

ಬೇಕಲಕ್ಕೆ ಮಧ್ಯಾಹ್ನದ ಬಸ್ಸು. ರೈಲ್ವೆಯವರು ಪಳ್ಳಿಕೆರೆ ಸ್ಟೇಷನ್ನಿಗೆ ಈಗ ಬೇಕಲ್ ಫೋರ್ಟ್ ಎಂದೇ ಹೆಸರಿಟ್ಟಿದ್ದಾರೆ. ಕೋಟೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಬರೆಯುವುದಿಲ್ಲ. 1650ರ ಸುಮಾರಿಗೆ ಶಿವಪ್ಪ ನಾಯಕ ಕಟ್ಟಿಸಿದ್ದು, ಸುಮಾರು 40 ಎಕರೆ, ಅದೂ ಮುರಕಲ್ಲೇ. ಕೆಳದಿಯವರು ಮಲೆನಾಡಿನಿಂದ ಇಷ್ಟು ದೂರ ಬಂದು ಕೋಟೆ ಕಟ್ಟಿದ್ದು, ಮುಂದೆ ಹೈದರ್, ಟಿಪ್ಪು, 1799ರ ಮೇಲೆ ಈಸ್ಟ್ ಇಂಡಿಯಾ ಕಂಪನಿ. ವೀಕ್ಷಣಾ ಬುರುಜಿಗೆ ಮೆಟ್ಟಿಲಿಲ್ಲ, ಇಳಿಜಾರು ದಾರಿ. ಅದರ ಮೇಲೆ ನಿಂತರೆ ಕಡಲ ಗಾಳಿಗೆ ಮಾತೇ ಕೇಳಿಸದು. ನಾಲ್ಕು ಗಂಟೆಯೊಳಗೆ ಹೋದರೆ ಅವಸರವಿಲ್ಲದೆ ನೋಡಬಹುದು.

ವಾಪಸ್ ಬರಲು ಲೋಕಲ್ ಸಿಕ್ಕಿತು. ಕಳನಾಡಿನ ಸುರಂಗದೊಳಗೆ ಗಾಡಿ ನುಗ್ಗುವಾಗ ಡಬ್ಬಿಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ "ಹೋ" ಎಂದು ಕೂಗಿದರು. ಬೆಂಗಳೂರಿನ ಮೆಟ್ರೋದಲ್ಲಿ ಯಾರೂ ಕೂಗುವುದಿಲ್ಲ. ಅಲ್ಲಿ ಸುರಂಗ ಮುಗಿಯುವುದೇ ಇಲ್ಲ, ಕೂಗಿ ಸುಸ್ತಾಗಬೇಕಷ್ಟೆ.

ಭಾನುವಾರ: ಉಪ್ಪಳ, ಬಾಯಾರು

ಉಪ್ಪಳದಿಂದ ಒಳದಾರಿ ಹಿಡಿದರೆ ಹತ್ತೇ ನಿಮಿಷಕ್ಕೆ ಕಡಲು ಮರೆತುಹೋಗುತ್ತದೆ. ಏರು, ತಿರುವು, ಅಡಿಕೆ ತೋಟ, ಮತ್ತೆ ಏರು. ಗೆಳೆಯನ ಮನೆಯಲ್ಲಿ ಚಾವಡಿಗೆ ಕಾಲಿಡುವ ಮೊದಲೇ ಅವನ ಅಮ್ಮ, "ಬನ್ನಿ, ಆಸರಿಂಗೆ ಎಂತ ಬೇಕು?" ಎಂದರು. ನೀರು, ಬೆಲ್ಲ ಬಂತು. ಆಮೇಲೆ ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಂಬ ಕಡುಬು, ಕಾಯಿಚಟ್ನಿ, ಜೋನಿಬೆಲ್ಲ. ಅವನ ಅಪ್ಪನನ್ನು ನಾನು ಮಾವ ಎಂದೇ ಕರೆಯುವುದು. ಮಾವ ಟಾರ್ಚ್ ಹಿಡಿದು ತಯಾರಾಗಿದ್ದರು.

ಮನೆಯ ಹಿಂದೆ ಗುಡ್ಡದ ಬುಡದಲ್ಲಿ ಒಂದು ಬಾಗಿಲಿನಷ್ಟು ತೂತು. ಎತ್ತರ ಸುಮಾರು ಆರಡಿ, ಅಗಲ ಎರಡಡಿ. ಇದು ನೀರಿನ ಸುರಂಗ. ಬಾವಿಯನ್ನು ಕೆಳಕ್ಕೆ ತೋಡುತ್ತೇವೆ, ಇದನ್ನು ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುತ್ತಾರೆ. ಮೇಲೆ ಗಟ್ಟಿ ಮುರಕಲ್ಲು, ಒಳಗೆ ಹೋದಂತೆ ಮೆತ್ತನೆಯ ಜೇಡಿ. ಒರತೆ ಸಿಗುವವರೆಗೆ ಕೊರೆಯುತ್ತಾ ಹೋಗುವುದು. ಕೆಲವು ಹತ್ತು ಮೀಟರಿಗೇ ನೀರು ಕೊಡುತ್ತವೆ, ಕೆಲವು 200-300 ಮೀಟರ್ ಹೋಗಿವೆ. ಬಾಯಾರು, ಪಡ್ರೆ, ಎಣ್ಮಕಜೆ, ಆಚೆ ಬಂಟ್ವಾಳದ ಮಾಣಿಲದ ಕಡೆಯೆಲ್ಲ ಸಾವಿರಗಟ್ಟಲೆ ಇವೆ. ಕರೆಂಟು ಬೇಡ, ಪಂಪು ಬೇಡ. ನೀರು ತಾನಾಗಿ ಹೊರಗೆ ಬರುತ್ತದೆ, ಅಡಿಕೆ ಮರದ ದಂಬೆ ಇಟ್ಟರೆ ಕೆರೆಗೆ ಬೀಳುತ್ತದೆ.

ನಾವು ಬಗ್ಗಿಕೊಂಡು ಒಳಗೆ ಹೋದೆವು. ಪಾದದ ಮೇಲೆ ತಣ್ಣನೆಯ ನೀರು, ತಲೆಯ ಹತ್ತಿರ ಬಾವಲಿ. ಸ್ವಲ್ಪ ದೂರಕ್ಕೆ ಬಾಗಿಲಿನ ಬೆಳಕು ಅಂಗೈಯಷ್ಟಾಯಿತು. ನಾನು ಅಲ್ಲಿಗೇ ಸಾಕು ಎಂದೆ. ಮಾವನಿಗೆ ನಗು. ಕೊರೆಯುವವರು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಬೆಳಕಿಗೂ ಬೇಕು, ಉಸಿರಿಗೂ ಬೇಕು. ಬತ್ತಿ ಸಣ್ಣಗಾಯಿತೆಂದರೆ ಗಾಳಿ ಸಾಲದು, ಹೊರಗೆ ಬರಬೇಕು. ತುಂಬಾ ಉದ್ದದ ಸುರಂಗವಾದರೆ ಮೇಲಿನಿಂದ ಗಾಳಿಗಾಗಿ ಗುಂಡಿ ಇಳಿಸುತ್ತಾರೆ.

ಬೆಂಗಳೂರಿನಲ್ಲಿ 2021ರಲ್ಲಿ ಊರ್ಜಾ ಎಂಬ, ಮೆಟ್ರೋ ಸುರಂಗ ಕೊರೆಯುವ ಯಂತ್ರ ಶಿವಾಜಿನಗರದಲ್ಲಿ ನೆಲ ಸೀಳಿಕೊಂಡು ಬಂದಾಗ ನಾವೆಲ್ಲ ಮೊಬೈಲಿನಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದೆವು. ಇಲ್ಲಿ ಒಂದು ಗಿಡ್ಡ ಪಿಕಾಸು, ಮಣ್ಣು ಹೊರಲು ಒಂದು ಬುಟ್ಟಿ, ಇಬ್ಬರು ಮನುಷ್ಯರು. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದವರು. ಒಂದರಲ್ಲಿ ನೀರು ಸಿಗದಿದ್ದರೆ ಇನ್ನೊಂದು, ಹಾಗೆ ಕೊರೆಯುತ್ತಾ ಕೊನೆಗೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

"ಈಗ ಕೊರೆಯುವವರು ಇಲ್ಲ" ಎಂದರು ಮಾವ. ಆಳಿಗೆ ಸಂಬಳ ಕೊಟ್ಟು ಪೂರೈಸುವುದಿಲ್ಲ, ಎಲ್ಲರೂ ಬೋರ್ ಕೊರೆಸುತ್ತಾರೆ. ಪಕ್ಕದ ತೋಟದಲ್ಲಿ ಬೋರ್ ಬಂದ ಮೇಲೆ ಇವರ ಇನ್ನೊಂದು ಸುರಂಗ ಮಾರ್ಚ್‌ಗೇ ನಿಲ್ಲುತ್ತದಂತೆ. ಮೊದಲು ಮೇ ತಿಂಗಳವರೆಗೆ ಬರುತ್ತಿತ್ತು. ಇದನ್ನು ಹೇಳುವಾಗ ಅವರಿಗೆ ಪಕ್ಕದವರ ಮೇಲೆ ಸಿಟ್ಟೇನೂ ಕಾಣಲಿಲ್ಲ. "ಅವನಿಗೂ ನೀರು ಬೇಕಲ್ಲ" ಎಂದರು.

ಸೋಮವಾರ: ಕಾಸರಗೋಡಿನಿಂದ ಮಂಗಳೂರಿಗೆ

ಕಾಞಂಗಾಡಿನವರೆಗೆ ಹೋಗಬೇಕೆಂದಿತ್ತು. ಅಲ್ಲಿಂದ ಪಾಣತ್ತೂರು ಮೇಲೆ ಕಾಣಿಯೂರಿಗೆ, ಅಂದರೆ ಹಾಸನದ ದಾರಿಗೆ, ಸುಮಾರು 90 ಕಿ.ಮೀ. ರೈಲು ಹಾಕುವ ಯೋಜನೆ ಕಾಗದದ ಮೇಲೆ ಇದೆ. ಸರ್ವೆ ಆಗಿದೆ. ಹಳಿ ಬಂದರೆ ಕಾಸರಗೋಡಿನವರು ಮಂಗಳೂರು ಸುತ್ತದೆ ಘಾಟಿ ಹತ್ತಬಹುದು. ಆದರೆ ರಾತ್ರಿಯಿಂದ ಬಿಡದ ಮಳೆ. ರಾಣಿಪುರಂ ಕಡೆ ಜಿಗಣೆ ಕಾಟ ಎಂದು ಬೇರೆ ಹೆದರಿಸಿದರು. ಬಿಟ್ಟೆ.

ಬೆಳಗಿನ ಮಂಗಳೂರು ಲೋಕಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಕಾಲೇಜಿನ ಹುಡುಗರು, ಬ್ಯಾಂಕಿನವರು, ಎಕ್ಸ್‌ರೇ ಕವರ್ ಹಿಡಿದ ಮುದುಕರು. ಕಾಸರಗೋಡಿನಿಂದ ಮಂಗಳೂರಿಗೆ 46 ಕಿ.ಮೀ. ಅಷ್ಟೇ. ದೊಡ್ಡ ಆಸ್ಪತ್ರೆ ಎಂದರೆ ಇಲ್ಲಿನವರಿಗೆ ಮಂಗಳೂರೇ. ನನ್ನ ಎದುರು ಕೂತಿದ್ದ ಟೀಚರ್ 2020ರ ಮಾರ್ಚ್ ನೆನಪಿಸಿದರು. ಕೊರೊನಾ ಕಾಲದಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಆಂಬುಲೆನ್ಸ್‌ಗಳೂ ವಾಪಸ್ ಹೋದ ದಿನಗಳು. ರೈಲೂ ಇರಲಿಲ್ಲ. ಅವರ ಅಮ್ಮನಿಗೆ ಡಯಾಲಿಸಿಸ್ ಆಗುತ್ತಿದ್ದದ್ದು ಮಂಗಳೂರಿನಲ್ಲಿ. "ತಲಪಾಡಿಯಲ್ಲಿ ಗಡಿ ಉಂಟು ಅಂತ ಶಾಲೆಯಲ್ಲಿ ಮಕ್ಕಳಿಗೆ ಮ್ಯಾಪಿನಲ್ಲಿ ತೋರಿಸ್ತಿದ್ದೆ. ನನಗೇ ಆವಾಗ ಗೊತ್ತಾದ್ದು" ಎಂದರು. ಅಮ್ಮ ಹೇಗಿದ್ದಾರೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರೇ ಹೇಳಿದರು: ಕಾಸರಗೋಡಿನಲ್ಲೇ ಹೇಗೋ ಒಂದು ಕಡೆ ವ್ಯವಸ್ಥೆಯಾಯಿತು, ಈಗ ಮನೆಯಲ್ಲಿದ್ದಾರೆ, ಇವತ್ತು ಬೆಳಿಗ್ಗೆ ಇವರ ಬುತ್ತಿಗೆ ಉಪ್ಪು ಜಾಸ್ತಿ ಹಾಕಿ ಕೊಟ್ಟಿದ್ದಾರೆ.

ಕುಂಬಳೆಯಲ್ಲಿ ಇನ್ನಷ್ಟು ಜನ ನುಗ್ಗಿದರು. ಟೀಚರ್ ನನ್ನ ಸೀಟು ನೋಡಿ, "ನೀವು ಇಲ್ಲಿ ಉಪ್ಪಳದವರೆಗೆ ಕೂತ್ಕೊಳ್ಬಹುದು" ಎಂದರು.

"ಆಮೇಲೆ?"

"ಆ ಸೀಟು ಉಪ್ಪಳದ ಶೆಟ್ರದ್ದು. ಹದಿನೈದು ವರ್ಷದಿಂದ."

ರಿಸರ್ವೇಶನ್ ಇಲ್ಲದ ಡಬ್ಬಿ ಅಲ್ವಾ ಎಂದೆ. ಸುತ್ತಲಿನ ನಾಲ್ಕೈದು ಜನ ನನ್ನನ್ನೇ ನೋಡಿದರು. ಉಪ್ಪಳದಲ್ಲಿ ಶೆಟ್ರು ಹತ್ತಿದರು, ಕಂಕುಳಲ್ಲಿ ಪೇಪರ್. ನಾನು ಆಗಲೇ ಎದ್ದಿದ್ದೆ. ಅವರು ಕೂತು, ಪೇಪರ್ ಬಿಡಿಸಿ, ನಡುವಿನ ಹಾಳೆ ತೆಗೆದು ನಿಂತಿದ್ದ ನನ್ನ ಕೈಗೆ ಕೊಟ್ಟರು. "ಮಂಜೇಶ್ವರದಲ್ಲಿ ಆ ಕಿಟಕಿ ಸೀಟು ಖಾಲಿ ಆಗ್ತದೆ" ಎಂದು ಕಣ್ಣಲ್ಲೇ ತೋರಿಸಿದರು. ಖಾಲಿಯೂ ಆಯಿತು. ನೇತ್ರಾವತಿ ಬಂದಾಗ ಬಿಸಿಲಿತ್ತು, ಶಟರ್ ಎಳೆಯಲು ಯಾರೂ ಹೇಳಲಿಲ್ಲ.